ಚಿಕ್ಕ ಮಕ್ಕಳ ವಿಷಯ, ಅದೂ ಆನ್‌ಲೈನ್: ಡಾಕ್ಟರೇಟ್ ಸುಲಭ ಅಲ್ವಾ ಮೇಡಂ?

“ಮೇಡಂ, ನಾನು ಪ್ರೀ-ಸ್ಕೂಲ್ ಟೀಚರ್. ಎಂ.ಎ. ಆಗಿದೆ. ಕೆಲಸ ಬಿಡೋಕೆ ಆಗಲ್ಲ. ಶಿಶು ಶಿಕ್ಷಣದಲ್ಲಿ ಆನ್‌ಲೈನ್ ಡಾಕ್ಟರೇಟ್ ಮಾಡಬಹುದಾ? ಚಿಕ್ಕ ಮಕ್ಕಳ ವಿಷಯ ಅಲ್ವಾ, ಅಷ್ಟೇನೂ ಕಷ್ಟ ಇರಲಿಕ್ಕಿಲ್ಲ ಅಂದುಕೊಂಡಿದ್ದೇನೆ.”

ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಆ ಕೊನೆಯ ವಾಕ್ಯವಂತೂ ಒಂದಕ್ಷರ ಆಚೀಚೆ ಆಗದೆ ಬರುತ್ತದೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಒಂದೇ ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಸುಲಭದ ಭಾಗ. ಹೌದು, ಮಾಡಬಹುದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಕೆಲಸದಲ್ಲಿರುವವರಿಗೆಂದೇ ಇಂಥ ಪದವಿ ನಡೆಸುತ್ತವೆ. ಎರಡು ಬಗೆ ಇವೆ. ಒಂದು ಪಿಎಚ್‌ಡಿ, ಇನ್ನೊಂದು ಇಡಿ.ಡಿ., ಅಂದರೆ ಡಾಕ್ಟರ್ ಆಫ್ ಎಜುಕೇಶನ್. ಇಡಿ.ಡಿ. ಹೊಸದೇನಲ್ಲ, ಹಾರ್ವರ್ಡ್ 1920ರ ದಶಕದಲ್ಲೇ ಅದನ್ನು ಕೊಡುತ್ತಿತ್ತು. ಪಿಎಚ್‌ಡಿಯವರು ಆ ಕ್ಷೇತ್ರದಲ್ಲಿ ಯಾರೂ ಉತ್ತರಿಸದ ಪ್ರಶ್ನೆಯೊಂದನ್ನು ಹಿಡಿಯಬೇಕು. ಇಡಿ.ಡಿ.ಯವರು ತಮ್ಮ ಶಾಲೆಯಲ್ಲೋ ತಮ್ಮ ಕೆಲಸದಲ್ಲೋ ಕಣ್ಣೆದುರೇ ಇರುವ ತೊಂದರೆಯನ್ನು ಹಿಡಿದು, ಅದನ್ನು ಸಂಶೋಧನೆಯ ಶಿಸ್ತಿನಿಂದ ಬಿಡಿಸಬೇಕು. ಹೇಳುವಾಗ ಇಷ್ಟು ಸರಳ, ನಡೆಯುವಾಗ ಎಷ್ಟೋ ಕಡೆ ಎರಡೂ ಒಂದೇ ಥರ ಆಗಿಬಿಟ್ಟಿದ್ದವು. ಅದನ್ನು ಸರಿಮಾಡಬೇಕು ಅಂತಲೇ 2007ರಲ್ಲಿ ಕಾರ್ನೆಗಿ ಪ್ರಾಜೆಕ್ಟ್ ಆನ್ ದಿ ಎಜುಕೇಶನ್ ಡಾಕ್ಟರೇಟ್ ಶುರುವಾಯಿತು. ಯಾವುದು ದೊಡ್ಡದು ಅಂತ ಕೇಳಬೇಡಿ. ಆಮೇಲೆ ನೀವೇನು ಮಾಡಬೇಕೆಂದಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಮಾನ್ಯತೆ ಬಗ್ಗೆ ಎರಡು ಮಾತು, ಯಾಕೆಂದರೆ ಇದನ್ನು ಜನ ಫೀಸು ಕಟ್ಟಿದ ಮೇಲೆ ಕೇಳುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯವಾದರೆ ಅದಕ್ಕೆ ಮಾನ್ಯತೆ ಕೊಟ್ಟ ಸಂಸ್ಥೆ ಯಾವುದು ನೋಡಿ. ಆ ಸಂಸ್ಥೆಯನ್ನು ಅಲ್ಲಿನ ಶಿಕ್ಷಣ ಇಲಾಖೆ ಅಥವಾ ಕೌನ್ಸಿಲ್ ಫಾರ್ ಹೈಯರ್ ಎಜುಕೇಶನ್ ಅಕ್ರೆಡಿಟೇಶನ್ ಒಪ್ಪಿದೆಯಾ ಅಂತಲೂ ನೋಡಿ. ಮಾನ್ಯತೆ ಕೊಡುವ ಸಂಸ್ಥೆಯೇ ನಕಲಿ ಆಗಿರುವುದೂ ಉಂಟು. ಇನ್ನು ಪದವಿಯನ್ನು ಎಲ್ಲಿ ಬಳಸುತ್ತೀರಿ ಅನ್ನುವುದು ಬೇರೆಯೇ ಪ್ರಶ್ನೆ, ಒಂದು ದೇಶ ಒಪ್ಪಿದ್ದನ್ನು ಇನ್ನೊಂದು ದೇಶ ಒಪ್ಪಲೇಬೇಕು ಅಂತಿಲ್ಲ. ಭಾರತದ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ನವೆಂಬರ್ 2022ರ ಪಿಎಚ್‌ಡಿ ನಿಯಮಗಳಲ್ಲಿ, ದೂರಶಿಕ್ಷಣ ಅಥವಾ ಆನ್‌ಲೈನ್ ರೀತಿಯಲ್ಲಿ ಪಿಎಚ್‌ಡಿ ನಡೆಸುವ ಹಾಗಿಲ್ಲ ಅಂತ ನೇರವಾಗಿ ಹೇಳಿದೆ. ಅದೇ ನಿಯಮಗಳಲ್ಲಿ, ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ತಂದರೆ ಪಾರ್ಟ್-ಟೈಮ್ ಪಿಎಚ್‌ಡಿಗೆ ಅವಕಾಶ ಇದೆ. ಈ ಎರಡನ್ನೂ ಕಲಸಿಕೊಂಡು ಕೂತವರು ಬಹಳ ಜನ. ನಿಮಗೆ ನಾಳೆ ಕೆಲಸ ಕೊಡಬೇಕಾದವರನ್ನು ಇವತ್ತೇ ಬರಹದಲ್ಲಿ ಕೇಳಿ, ಆಮೇಲೆ ಅರ್ಜಿ ಹಾಕಿ.

ಸರಿ, ಈಗ ಆ ಕೊನೆಯ ವಾಕ್ಯಕ್ಕೆ ಬರೋಣ.

ಅದರೊಳಗೆ ಎರಡು ನಂಬಿಕೆ ಒಂದರ ಮೇಲೊಂದು ಕೂತಿವೆ. ಆನ್‌ಲೈನ್ ಅಂದರೆ ಹಗುರ. ಚಿಕ್ಕ ಮಕ್ಕಳು ಅಂದರೆ ಇನ್ನೂ ಹಗುರ. ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಆನ್‌ಲೈನ್ ಆಗುವುದು ಕೋರ್ಸ್‌ವರ್ಕ್. ಸಿದ್ಧಾಂತ, ಅಂಕಿಅಂಶ, ಸಂಶೋಧನಾ ವಿಧಾನ, ಗೈಡ್ ಜೊತೆ ಮಾತುಕತೆ, ಕೆಲವು ಕಡೆ ಕೊನೆಯ ವೈವಾ ಕೂಡ. ಅಲ್ಲಿಯವರೆಗೆ ವಾರವಾರ ಕೆಲಸ ಕೊಡುತ್ತಾರೆ, ನೀವು ಮಾಡುತ್ತೀರಿ. ಆಮೇಲೆ ಥೀಸಿಸ್ ಬರುತ್ತದೆ. ಅಲ್ಲಿ ಯಾರೂ ವಾರವಾರ ಕೇಳುವುದಿಲ್ಲ. ಕ್ಯಾಂಪಸ್‌ನಲ್ಲಿ ಇದ್ದವರಿಗೆ ಮೆಟ್ಟಿಲ ಮೇಲಾದರೂ ಗೈಡ್ ಎದುರಾಗಿ “ಎಲ್ಲಿಗೆ ಬಂತು?” ಅನ್ನುತ್ತಾರೆ, ಮನೆಯಲ್ಲಿ ಕೂತವರಿಗೆ ಅದೂ ಇಲ್ಲ. ಕೋರ್ಸ್‌ವರ್ಕ್ ಮುಗಿಸಿ ಥೀಸಿಸ್‌ನಲ್ಲಿ ನಿಂತವರಿಗೆ ಅಮೆರಿಕದಲ್ಲಿ ‘ಎಬಿಡಿ’ ಅಂತ ಒಂದು ಅಡ್ಡಹೆಸರೇ ಇದೆ, ಥೀಸಿಸ್ ಒಂದು ಬಿಟ್ಟು ಎಲ್ಲ ಆದವರು. ಅಡ್ಡಹೆಸರು ಇಡುವಷ್ಟು ಜನ ಇದ್ದಾರೆ ಅಂತ ಅರ್ಥ ಮಾಡಿಕೊಳ್ಳಿ.

ಎರಡನೆಯ ನಂಬಿಕೆಗೆ ಮಾತ್ರ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಮಗು ಚಿಕ್ಕದಾದಷ್ಟೂ ಸಂಶೋಧನೆ ಕಷ್ಟ ಆಗುತ್ತದೆ, ಸುಲಭ ಅಲ್ಲ. ದೊಡ್ಡವರ ಬಗ್ಗೆ ಅಧ್ಯಯನ ಮಾಡುವವರು ಒಂದು ಪ್ರಶ್ನಾವಳಿ ಮಾಡಿ, ಲಿಂಕ್ ಕಳಿಸಿ, ಕಾಯುತ್ತಾ ಕೂರಬಹುದು. ನಾಲ್ಕು ವರ್ಷದ ಮಗುವಿಗೆ ಓದಲು ಬರುವುದಿಲ್ಲ. ಬಾಯಲ್ಲಿ ಕೇಳ್ತೀನಿ ಅಂತೀರಾ? ಕೇಳಿ. 1980ರಲ್ಲಿ ಹ್ಯೂಸ್ ಮತ್ತು ಗ್ರೀವ್ ಅನ್ನುವ ಇಬ್ಬರು ಸಂಶೋಧಕರು ಐದು ಮತ್ತು ಏಳು ವರ್ಷದ ಮಕ್ಕಳಿಗೆ ಬೇಕೆಂದೇ ಅರ್ಥವಿಲ್ಲದ ಪ್ರಶ್ನೆ ಕೇಳಿದರು. ಹಾಲು ನೀರಿಗಿಂತ ದೊಡ್ಡದಾ? ಕೆಂಪು ಹಳದಿಗಿಂತ ಭಾರಾನಾ? ಮಕ್ಕಳು ನಗಲಿಲ್ಲ, “ಇದೆಂಥ ಪ್ರಶ್ನೆ” ಅನ್ನಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಉತ್ತರ ಕೊಟ್ಟರು! ದೊಡ್ಡವರು ಕೇಳಿದ್ದಾರೆ ಅಂದಮೇಲೆ ಉತ್ತರ ಇರಲೇಬೇಕು ಅನ್ನುವುದು ಅವರ ಲೆಕ್ಕ. ಅದರಲ್ಲೂ ಹೌದು-ಇಲ್ಲ ಥರದ ಪ್ರಶ್ನೆಗಾದರೆ ಮಕ್ಕಳು ಏನಾದರೂ ಒಂದನ್ನು ಹೇಳಿಯೇ ಹೇಳುತ್ತಾರೆ ಅಂತ ಮುಂದಿನ ಅಧ್ಯಯನಗಳೂ ತೋರಿಸಿವೆ.

ಈಗ ನನ್ನ ಕೈಗೆ ಬರುವ ಸಂಶೋಧನಾ ಪ್ರಸ್ತಾವನೆಗಳನ್ನು ನೋಡಿ. “ಶಾಲೆ ಇಷ್ಟನಾ? ಹೊಸ ಆಟ ಇಷ್ಟ ಆಯ್ತಾ? ಟೀಚರ್ ಒಳ್ಳೆಯವರಾ?” ಎಲ್ಲದಕ್ಕೂ ಮಕ್ಕಳು “ಹೂಂ” ಅಂತಾರೆ. ಆ ಹೂಂಗಳನ್ನೆಲ್ಲ ಕೂಡಿ, ಶೇಕಡಾವಾರು ಹಾಕಿ, ಬಣ್ಣದ ಗ್ರಾಫ್ ಮಾಡಿ, ಮಕ್ಕಳಿಗೆ ಹೊಸ ಕಲಿಕಾ ವಿಧಾನ ಇಷ್ಟವಾಗಿದೆ ಅಂತ ತೀರ್ಮಾನ ಬರೆಯುತ್ತಾರೆ. ಹಾಲು ನೀರಿಗಿಂತ ದೊಡ್ಡದು ಅಂತ ಬರೆದರೂ ಅಷ್ಟೇ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಹೆಸರಾಂತ ಮನೋವಿಜ್ಞಾನಿ ಪಿಯಾಜೆ ಅಂಥವರ ಪ್ರಯೋಗವೂ ಇಲ್ಲಿ ಎಡವಿದೆ. ಎರಡು ಸಾಲು ಗುಂಡಿಗಳನ್ನು ಸಮ ಇಟ್ಟು, ಮಗು “ಎರಡರಲ್ಲೂ ಒಂದೇ” ಅಂದಮೇಲೆ ಒಂದು ಸಾಲನ್ನು ದೊಡ್ಡವರೇ ಅಗಲ ಮಾಡಿ ಮತ್ತೆ ಕೇಳುವುದು. ಐದು ವರ್ಷದ ಮಗು “ಅಗಲ ಇರೋದರಲ್ಲಿ ಜಾಸ್ತಿ” ಅನ್ನುತ್ತದೆ. ಹಾಗಾಗಿ ಆ ವಯಸ್ಸಿಗೆ ಸಂಖ್ಯೆಯ ಸ್ಥಿರತೆ, ಅಂದರೆ ಜೋಡಣೆ ಬದಲಾದರೂ ಎಣಿಕೆ ಬದಲಾಗುವುದಿಲ್ಲ ಅನ್ನುವುದು, ಗೊತ್ತಿಲ್ಲ ಅಂತ ಪಾಠ ಆಯಿತು. 1970ರ ದಶಕದಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದೇ ಒಂದು ಬದಲಾವಣೆ ಮಾಡಿದರು. ಸಾಲು ಕೆಡಿಸುವುದು ದೊಡ್ಡವರಲ್ಲ, ಒಂದು ತುಂಟ ಗೊಂಬೆ ಕರಡಿ. ಅಷ್ಟಕ್ಕೇ ಸರಿ ಉತ್ತರ ಕೊಟ್ಟ ಮಕ್ಕಳು ಎಷ್ಟೋ ಪಟ್ಟು ಜಾಸ್ತಿಯಾದರು. ದೊಡ್ಡವರು ತಾವೇ ಬದಲಿಸಿ ಎರಡನೇ ಸಲ ಕೇಳಿದಾಗ, ತನ್ನ ಮೊದಲ ಉತ್ತರ ತಪ್ಪಿರಬೇಕು ಅಂತ ಮಗು ಅಂದುಕೊಳ್ಳುತ್ತಿತ್ತು ಅನ್ನುವುದು ಒಂದು ವಿವರಣೆ. ಇದರ ಮೇಲೆ ಇನ್ನೂ ಜಗಳ ಇದೆ, ಇರಲಿ. ಕೇಳುವವರು ಯಾರು, ಎಷ್ಟು ಸಲ, ಯಾವ ಮುಖ ಹಾಕಿಕೊಂಡು ಕೇಳಿದರು ಅನ್ನುವುದರಿಂದಲೇ ಉತ್ತರ ಬದಲಾಗುತ್ತದೆ ಅನ್ನುವುದರಲ್ಲಿ ಮಾತ್ರ ಜಗಳ ಇಲ್ಲ.

ಕೇಳುವುದೇ ಬೇಡ, ನೋಡ್ತೀನಿ ಅನ್ನುವ ಜಾಣರಿದ್ದಾರೆ. ಒಳ್ಳೆಯ ದಾರಿ. ಆದರೆ ನೀವು “ಹಂಚಿಕೊಂಡು ಆಡಿತು” ಅಂತ ಬರೆದದ್ದನ್ನು ಪಕ್ಕದಲ್ಲಿ ಕೂತವರು “ಕಿತ್ತುಕೊಂಡಿತು” ಅಂತ ಬರೆದಿರುತ್ತಾರೆ. ಇಬ್ಬರು ಬೇರೆಬೇರೆಯಾಗಿ ನೋಡಿ, ಎಷ್ಟು ಹೊಂದುತ್ತದೆ ಅಂತ ಲೆಕ್ಕ ಹಾಕಿ ತೋರಿಸದೆ ಆ ಡೇಟಾ ನಿಲ್ಲುವುದಿಲ್ಲ. ಅದಕ್ಕೆ ತರಬೇತಿ ಬೇಕು, ಎರಡನೇ ವ್ಯಕ್ತಿ ಬೇಕು, ತರಗತಿಯ ಮೂಲೆಯಲ್ಲಿ ಮಕ್ಕಳು ನಿಮ್ಮನ್ನು ಮರೆಯುವವರೆಗೆ ಸುಮ್ನೆ ಕೂರುವ ತಾಳ್ಮೆ ಬೇಕು. ಹೊಸಬರು ಒಳಗೆ ಬಂದರೆ ಮೂರು ವರ್ಷದ ಮಕ್ಕಳು ಮೊದಲು ಮಾಡುವುದು ಅವರ ಮಡಿಲು ಹತ್ತುವುದು ಅಥವಾ ಅಳುವುದು. ಎರಡೂ ನಿಮ್ಮ ಕೋಷ್ಟಕದಲ್ಲಿ ಇರುವುದಿಲ್ಲ.

ಇಷ್ಟಾದ ಮೇಲೆ ಎಲ್ಲಕ್ಕಿಂತ ದೊಡ್ಡ ತೊಡಕು: ಮಕ್ಕಳು ಬೆಳೆಯುತ್ತಾರೆ. ಜೂನ್‌ನಲ್ಲಿ ಪರೀಕ್ಷಿಸಿ, ಆರು ತಿಂಗಳು ಕಥೆ ಹೇಳಿ, ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷಿಸಿದರೆ ಶಬ್ದಭಂಡಾರ ಜಾಸ್ತಿ ಆಗಿಯೇ ಆಗಿರುತ್ತದೆ. ನೀವು ಕಥೆ ಹೇಳದೆ ಕೂತಿದ್ದರೂ ಆಗುತ್ತಿತ್ತು. ನಲವತ್ತು ವರ್ಷದವರ ಬಗ್ಗೆ ಬರೆಯುವವರಿಗೆ ಈ ತಾಪತ್ರಯ ಇಷ್ಟಿಲ್ಲ. ಹಾಗಾಗಿ ಕಥೆ ಕೇಳದ ಇನ್ನೊಂದು ಗುಂಪು ಬೇಕೇ ಬೇಕು. ಹೋಲಿಕೆ ಗುಂಪಿಲ್ಲದ ಪ್ರಸ್ತಾವನೆ ಬಂದಾಗ ನಾನು ಬರೆಯುವ ಟಿಪ್ಪಣಿ ಯಾವಾಗಲೂ ಒಂದೇ: “ಮಗು ಬೆಳೆದಿದೆ. ನೀವೇನು ಮಾಡಿದಿರಿ?”

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ ಪೆರ್ರಿ ಪ್ರೀ-ಸ್ಕೂಲ್ ಅಧ್ಯಯನ ಓದಿ. ಬಡ ಕುಟುಂಬಗಳ 123 ಮಕ್ಕಳು, ಅಷ್ಟೇ. ಹೆಚ್ಚುಕಡಿಮೆ ಲಾಟರಿ ಥರ ಎರಡು ಗುಂಪು ಮಾಡಿ, ಒಂದಕ್ಕೆ ಪ್ರೀ-ಸ್ಕೂಲ್ ಕೊಟ್ಟು, ಎರಡನ್ನೂ ನಲವತ್ತರ ವಯಸ್ಸು ದಾಟುವವರೆಗೆ ಹಿಂಬಾಲಿಸಿದರು. ಬುದ್ಧಿಮತ್ತೆಯ ಅಂಕದಲ್ಲಿ ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಪ್ರೀ-ಸ್ಕೂಲ್ ದಂಡ ಅಂತ ಬರೆಯಬೇಕಾಗುತ್ತಿತ್ತು. ಓದು ಮುಗಿಸಿದ್ದರಲ್ಲಿ, ದುಡಿಮೆಯಲ್ಲಿ, ಪೊಲೀಸ್ ಬಂಧನದ ಲೆಕ್ಕದಲ್ಲಿ ವ್ಯತ್ಯಾಸ ಕಂಡದ್ದು ಆಮೇಲೆ, ಮಕ್ಕಳು ದೊಡ್ಡವರಾದ ಮೇಲೆ. ನಿಮ್ಮ ಥೀಸಿಸ್ ನಲವತ್ತು ವರ್ಷ ಎಳೆಯಬೇಕು ಅಂತ ಹೇಳುತ್ತಿಲ್ಲ (ಕೆಲವರದ್ದು ಹಾಗೇ ಅನ್ನಿಸುತ್ತದೆ, ಅದು ಬೇರೆ). ಎರಡು ತಿಂಗಳ ಡೇಟಾ ಇಟ್ಟುಕೊಂಡು “ಜೀವನಪೂರ್ತಿ ಪರಿಣಾಮ” ಅಂತ ಬರೆಯಬೇಡಿ ಅನ್ನುತ್ತಿದ್ದೇನೆ.

ಮಕ್ಕಳ ಅಧ್ಯಯನವೂ ಈಗ ವೆಬ್‌ಕ್ಯಾಮ್‌ನಲ್ಲಿ ಆಗುತ್ತಲ್ಲ ಅಂತ ಯಾರಾದರೂ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಆಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಲುಕಿಟ್ ಅನ್ನುವ ಹೆಸರಲ್ಲಿ ಹುಟ್ಟಿದ ವ್ಯವಸ್ಥೆಯಲ್ಲಿ ತಂದೆತಾಯಿ ಮನೆಯಲ್ಲೇ ಮಗುವನ್ನು ಕ್ಯಾಮೆರಾ ಮುಂದೆ ಕೂರಿಸಿ ಅಧ್ಯಯನದಲ್ಲಿ ಸೇರಬಹುದು. ಮಗು ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿತು ಅನ್ನುವಂಥ ಪ್ರಶ್ನೆಗೆ ಅದು ಚೆನ್ನಾಗಿದೆ. ಆದರೆ ಒಳ್ಳೆ ಇಂಟರ್‌ನೆಟ್ ಮತ್ತು ಪುರುಸೊತ್ತು ಇರುವ ಮನೆಗಳ ಮಕ್ಕಳೇ ಅಲ್ಲಿ ಸಿಗುವುದು ಜಾಸ್ತಿ. ಮೂವತ್ತು ಮಕ್ಕಳ ತರಗತಿಯಲ್ಲಿ ಒಂದು ಜಗಳ ಹೇಗೆ ಹುಟ್ಟಿ ಹೇಗೆ ತಣ್ಣಗಾಯಿತು ಅನ್ನುವುದು ಆ ಚೌಕದೊಳಗೆ ಕಾಣುವುದಿಲ್ಲ. ಟೀಚರುಗಳಿಗೆ ಬೇಕಾದದ್ದು ಬಹುಪಾಲು ಅದೇ.

ಇನ್ನು ಯಾರೂ ಕೇಳದ ಒಂದು ವಿಷಯ. ಕೇಳುವುದಿಲ್ಲ, ಆದರೆ ಎಲ್ಲರೂ ಮಾಡಲು ಹೊರಡುತ್ತಾರೆ: “ನನ್ನ ತರಗತಿಯ ಮಕ್ಕಳ ಮೇಲೇ ಅಧ್ಯಯನ ಮಾಡಿಬಿಡ್ತೀನಿ, ಹೇಗೂ ದಿನಾ ಸಿಗ್ತಾರೆ.” ಆನ್‌ಲೈನ್‌ನಲ್ಲಿ ಓದುವವರಿಗೆ ಇದು ಎಷ್ಟು ಅನುಕೂಲ ಅಂತ ನನಗೂ ಗೊತ್ತು. ಇಡಿ.ಡಿ.ಯ ಆಶಯಕ್ಕೂ ಹೊಂದುತ್ತದೆ. ಅದು ಸಿಕ್ಕಿಹಾಕಿಕೊಳ್ಳುವುದು ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದಂತೆ ನೋಡುವ ಸಮಿತಿಯಲ್ಲಿ. ತಂದೆತಾಯಿಯ ಅನುಮತಿ ಒಂದೇ ಸಾಲದು, ಅರ್ಥ ಮಾಡಿಕೊಳ್ಳಬಲ್ಲ ಮಗುವಿನ ಒಪ್ಪಿಗೆಯೂ ಬೇಕು. ಅಮೆರಿಕದ ಕೇಂದ್ರ ನಿಯಮದಲ್ಲಿ ಇದರ ಬಗ್ಗೆ ಒಂದು ಮಾತಿದೆ, ನನಗೆ ಬಹಳ ಇಷ್ಟ. ಮಗು ಬೇಡ ಅನ್ನಲಿಲ್ಲ ಅಂದಮಾತ್ರಕ್ಕೆ ಒಪ್ಪಿತು ಅಂತ ತಿಳಿಯಬಾರದು, ಅದು ತಾನಾಗಿ ಹೂಂ ಅಂದಿರಬೇಕು. ಆದರೆ ಹೂಂ ಎಷ್ಟು ಅಗ್ಗ ಅಂತ ಈಗಷ್ಟೇ ನೋಡಿದೆವಲ್ಲ? ಹಾಗಾಗಿ ಚಿಕ್ಕವರ ಜೊತೆ ಕೆಲಸ ಮಾಡುವವರು ಒಂದು ಸಲ ಕೇಳಿ ಸುಮ್ಮನಾಗುವುದಿಲ್ಲ. ಮಗು ಮುಖ ತಿರುಗಿಸಿತಾ, ಎದ್ದು ಹೋಯಿತಾ, ದಿನಾ ಮಾತಾಡುವುದು ಇವತ್ತು ಗಪ್‌ಚಿಪ್ ಆಯಿತಾ ನೋಡುತ್ತಿರುತ್ತಾರೆ. ಹಾಗೆ ಕಂಡರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸುತ್ತಾರೆ, ಡೇಟಾ ಅರ್ಧಕ್ಕೇ ನಿಂತರೂ ಸರಿ.

ಟೀಚರೇ ಕೇಳಿದರೆ ಇದು ಇನ್ನೂ ಬಿಗಿ. ಮಗು ಬಿಡಿ, ತಂದೆತಾಯಿಯೇ ಬೇಡ ಅನ್ನಲು ಹಿಂಜರಿಯುತ್ತಾರೆ, ವರ್ಷಪೂರ್ತಿ ಮಗು ನಿಮ್ಮ ಕೈಯಲ್ಲಿ ಇರಬೇಕಲ್ಲ. ಇದಕ್ಕೆ ಬಳಕೆಯಲ್ಲಿರುವ ಒಂದು ಉಪಾಯ ಇದೆ. ಅನುಮತಿ ಪತ್ರವನ್ನು ನೀವು ಮುಟ್ಟಬೇಡಿ, ಸಹೋದ್ಯೋಗಿ ಒಬ್ಬರು ಹಂಚಿ ವಾಪಸ್ ತೆಗೆದುಕೊಳ್ಳಲಿ. ಯಾರು ಒಪ್ಪಿದರು, ಯಾರು ಇಲ್ಲ ಅನ್ನುವುದು ವರ್ಷದ ಕೊನೆಯ ಪ್ರಗತಿ ಪತ್ರ ಕೊಡುವವರೆಗೂ ನಿಮಗೆ ಗೊತ್ತಾಗಬಾರದು. ಚಟುವಟಿಕೆ ಎಲ್ಲ ಮಕ್ಕಳಿಗೂ ನಡೆಯುತ್ತದೆ, ಒಪ್ಪಿದವರ ಮಾಹಿತಿಯನ್ನು ಮಾತ್ರ ಆಮೇಲೆ ತೆಗೆದುಕೊಳ್ಳುತ್ತೀರಿ. ಪ್ರಸ್ತಾವನೆಯಲ್ಲಿ ಇದಕ್ಕೆ ಒಂದು ಪ್ಯಾರಾ ಸಾಕು. ಆ ಪ್ಯಾರಾ ಇಲ್ಲದೆ ಬಂದದ್ದನ್ನು ನಾನು ಮುಂದೆ ಓದದೆ ವಾಪಸ್ ಕಳಿಸುತ್ತೇನೆ.