ಮಾರಿಕಣಿವೆ ಕೋಡಿ ಬಿತ್ತಲ್ಲ, ಇನ್ನೆಲ್ಲಿಯ ಹವಾಮಾನ ಬದಲಾವಣೆ?

ಪ್ರಶ್ನೆ: ಭೂಮಿ ಬಿಸಿಯಾದರೆ ಮಳೆ ಕಡಿಮೆಯಾಗುತ್ತೆ ಅಂತಾರೆ. ಆದರೆ ನಮ್ಮ ಮಾರಿಕಣಿವೆ ಜಲಾಶಯ (ವಾಣಿವಿಲಾಸ ಸಾಗರ) ಮೂರು ವರ್ಷದೊಳಗೆ ಎರಡು ಸಲ ಕೋಡಿ ಬಿತ್ತು. ಹಾಗಾದ್ರೆ ಅದೆಲ್ಲ ಸುಳ್ಳು ಅಲ್ವಾ?

ಉತ್ತರ: ಹಿರಿಯೂರು, ಚಳ್ಳಕೆರೆ ಕಡೆಯವರು ಇದನ್ನೇ ಕೇಳುತ್ತಲೇ ಇದ್ದಾರೆ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

ಬಿಸಿಯಾದರೆ ಮಳೆ ಕಡಿಮೆಯಾಗುತ್ತೆ ಅನ್ನೋದೇ ತಪ್ಪು ತಿಳಿವಳಿಕೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 7 ಶೇಕಡಾ ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಇಡೀ ಭೂಮಿಯ ಒಟ್ಟು ಮಳೆ ಹೆಚ್ಚೋದು ಡಿಗ್ರಿಗೆ 2–3 ಶೇಕಡಾ ಮಾತ್ರ. ಈ ಎರಡು ಲೆಕ್ಕಗಳ ನಡುವಿನ ಅಂತರ ನೋಡಿ, ಎಲ್ಲ ಅಲ್ಲೇ ಇದೆ: ಒಂದೊಂದು ಜೋರು ಮಳೆಗೆ ಸಿಗೋ ನೀರಾವಿ ಜಾಸ್ತಿ, ಆದರೆ ಒಟ್ಟು ಮಳೆ ಅಷ್ಟು ಹೆಚ್ಚಲ್ಲ. ಸುರಿದಾಗ ಒಮ್ಮೆಲೇ ಜೋರಾಗಿ ಸುರಿಯುತ್ತೆ, ಮಳೆಯಿಂದ ಮಳೆಗೆ ಬಿಡುವು ಉದ್ದವಾಗುತ್ತೆ. ಆ ಬಿಡುವಿನಲ್ಲಿ ಬಿಸಿ ಗಾಳಿ ಮಣ್ಣಿನ ಪಸೆಯನ್ನೂ ಬೇಗ ಹೀರುತ್ತೆ. ಹಾಗಾಗಿ ನೆರೆ, ಬರ ಎರಡೂ ಒಂದೇ ಊರಿಗೆ ಬರಬಹುದು.

ಮಾರಿಕಣಿವೆಯನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಇವೆರಡರ ನಡುವೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಕೋಡಿಯನ್ನು ನೆನಪಿಟ್ಟುಕೊಂಡು ಬರವನ್ನು ಮರೆತರೆ ಹೇಗೆ? ಜೊತೆಗೆ, ಈಗ ಆ ಜಲಾಶಯಕ್ಕೆ ವೇದಾವತಿಯ ನೀರಷ್ಟೇ ಅಲ್ಲ, ಭದ್ರಾದಿಂದ ಎತ್ತಿ ಹರಿಸಿದ ನೀರೂ ಬರುತ್ತೆ. ಅದು ತುಂಬಿದ್ದು ನೋಡಿ ನಮ್ಮ ಮಳೆಯನ್ನು ಅಳೆಯೋಕಾಗಲ್ಲ. ಒಂದು ವರ್ಷದ ಕೋಡಿಯಿಂದ ಹವಾಮಾನ ಬದಲಾಗಿದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಅದಕ್ಕೆ ಹತ್ತಾರು ವರ್ಷಗಳ ಲೆಕ್ಕ ಬೇಕು.

ನೀವು ಕೇಳದಿದ್ದರೂ ಇನ್ನೊಂದು ಮಾತು: ಇಷ್ಟು ಮಳೆ ಬಂದರೂ ಬೋರು ಯಾಕೆ ತುಂಬಲ್ಲ? ಬಿರುಮಳೆ ಬಂದ ಮರುದಿನ ಶೇಂಗಾ ಹೊಲಕ್ಕೆ ಹೋಗಿ, ಕೆಂಪು ಮಣ್ಣನ್ನು ಬೆರಳಲ್ಲಿ ಕೆದಕಿ. ಎಷ್ಟೋ ಕಡೆ ಮೇಲೆ ಹೆಪ್ಪುಗಟ್ಟಿದ ಪದರ, ನಾಲ್ಕು ಬೆರಳು ಕೆಳಗೆ ಒಣ ಮಣ್ಣು. ಹನಿಗಳ ಹೊಡೆತಕ್ಕೆ ಮಣ್ಣಿನ ಬಾಯಿ ಮುಚ್ಚಿ, ನೀರು ಹಳ್ಳ ಸೇರಿರುತ್ತೆ. ಸೋನೆ ಮಳೆಯಾದರೆ ನಿಧಾನಕ್ಕೆ ಇಳಿಯುತ್ತಿತ್ತು. ಕೆಳಗಿರೋದು ಗಟ್ಟಿ ಬಂಡೆ, ನೀರು ನಿಲ್ಲೋದು ಬಿರುಕುಗಳಲ್ಲಿ ಮಾತ್ರ. ಆಳದ ಬಿರುಕು ತುಂಬೋಕೆ ತುಂಬಾ ಸಮಯ ಬೇಕು, ನಾವು ಎತ್ತೋದು ದಿನವೂ. ಇನ್ನೂ ಆಳಕ್ಕೆ ಕೊರೆದರೆ ಹೊಸ ನೀರು ಹುಟ್ಟಲ್ಲ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಬದು ಗಟ್ಟಿ ಮಾಡಿಕೊಂಡರೆ ಬಿರುಮಳೆಯ ನೀರು ಸ್ವಲ್ಪ ಹೊತ್ತಾದರೂ ಹೊಲದಲ್ಲೇ ನಿಂತು ಇಂಗುತ್ತೆ. ಈ ಸಲದ ಮುಂಗಾರಿಗೆ ಮುಂಚೆ ಅದನ್ನು ಮಾಡಿ.