ಯುಆರ್‌ಎಲ್ ಪ್ಯಾರಾಮೀಟರ್: ಎನ್‌ಕೋಡ್ ಯಾವಾಗ, ಎಷ್ಟು ಸಲ?

ಹುಡುಕಾಟದ ಪೆಟ್ಟಿಗೆಯಲ್ಲಿ ‘ಅ&ಬ’ ಎಂದು ಬರೆದರೆ ಸರ್ವರ್‌ಗೆ ಬರೀ ‘ಅ’ ತಲುಪುವುದುಂಟು. ವಿಳಾಸದಲ್ಲಿ ? ನಂತರ ಬರುವ, ‘ಹೆಸರು=ಮೌಲ್ಯ’ ಜೋಡಿಗಳ (ಪ್ಯಾರಾಮೀಟರ್‌ಗಳ) ಭಾಗವಾದ ಕ್ವೆರಿ ಸ್ಟ್ರಿಂಗ್‌ನಲ್ಲಿ & ಕಂಡರೆ ಮುಂದಿನ ಪ್ಯಾರಾಮೀಟರ್ ಶುರುವಾಯಿತು ಎಂದೇ ಅರ್ಥ. # ಇನ್ನೂ ಕೆಟ್ಟದ್ದು. ಅದರಿಂದಾಚೆಗಿನ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ಹಾಗಾಗಿ ಲಾಗ್ ಜಾಲಾಡಿದರೂ ಸುಳಿವು ಸಿಗದು.

ಆದ್ದರಿಂದ ಪ್ರತಿ ಹೆಸರನ್ನೂ ಪ್ರತಿ ಮೌಲ್ಯವನ್ನೂ ಬೇರೆಬೇರೆಯಾಗಿ ಎನ್‌ಕೋಡ್ ಮಾಡಿ (& ಅನ್ನು %26 ಎಂಬಂಥ ಸಂಕೇತಕ್ಕೆ ಬದಲಿಸಿ), ಆಮೇಲೆ = ಮತ್ತು & ಹಾಕಿ ಜೋಡಿಸಬೇಕು. ಎನ್‌ಕೋಡ್ ಮಾಡದೆ ಮೊದಲೇ ಜೋಡಿಸಿಬಿಟ್ಟರೆ ಯಾವ & ಮೌಲ್ಯದ್ದು, ಯಾವುದು ಗಡಿಯದ್ದು ಎಂದು ಯಾರಿಗೂ ತಿಳಿಯದು. ಜಾವಾಸ್ಕ್ರಿಪ್ಟ್‌ನ ‘ಎನ್‌ಕೋಡ್‌ಯುಆರ್‌ಐ’ ಇಡೀ ವಿಳಾಸಕ್ಕೆಂದು ಇರುವಂಥದ್ದು; &, =, +, # ಯಾವುದನ್ನೂ ಮುಟ್ಟುವುದಿಲ್ಲ. ಮೌಲ್ಯಕ್ಕೆ ‘ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್’ ಬೇಕು. ‘ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್’ ಬಳಸಿದರೆ ಜೋಡಣೆಯ ತಲೆನೋವೂ ತಪ್ಪುತ್ತದೆ.

2005ರ ಅಂತರ್ಜಾಲ ಮಾನದಂಡ ಆರ್‌ಎಫ್‌ಸಿ 3986 ಪ್ರಕಾರ ಇಂಗ್ಲಿಷ್ ಅಕ್ಷರ, ಅಂಕಿ, ಜೊತೆಗೆ - . _ ~ ಎಲ್ಲಿದ್ದರೂ ಹಾಗೇ ಇರಬಹುದು. ಕನ್ನಡ ಅಕ್ಷರಗಳು ಯುಟಿಎಫ್-8 ಬೈಟ್‌ಗಳಾಗಿ, ಪ್ರತಿ ಬೈಟ್ % ಮತ್ತು ಎರಡು ಹೆಕ್ಸ್ ಅಂಕಿಗಳಾಗಿ ಹೋಗುತ್ತವೆ. ‘ಕ್ಷ’ ಒಂದಕ್ಕೇ 9 ಬೈಟ್, ಅಂದರೆ 27 ಚಿಹ್ನೆ. ಎನ್‌ಕೋಡ್ ಆದ ಸಾಲನ್ನು ಇಂತಿಷ್ಟು ಉದ್ದಕ್ಕೆಂದು ಕತ್ತರಿಸಿದರೆ ಬೈಟ್ ನಡುವೆಯೇ ತುಂಡಾಗಿ ಮೂಲ ರೂಪಕ್ಕೆ ಮರಳಿಸುವ ಡಿಕೋಡರ್ ಎಡವುತ್ತದೆ.

ಖಾಲಿ ಜಾಗದ್ದು ಹಳೇ ಗೊಂದಲ. ಎಚ್‌ಟಿಎಂಎಲ್ ಫಾರ್ಮ್ ಪದ್ಧತಿಯಲ್ಲಿ ಅದು +, ಆರ್‌ಎಫ್‌ಸಿ ಪದ್ಧತಿಯಲ್ಲಿ %20. ಜಾವಾದ ‘ಯುಆರ್‌ಎಲ್‌ಎನ್‌ಕೋಡರ್’ ಕೊಡುವುದು +. ಅದನ್ನು ವಿಳಾಸದಲ್ಲಿ ? ಗಿಂತ ಮುಂಚಿನ ಭಾಗವಾದ ಪಾತ್‌ನಲ್ಲಿ ಬಳಸಿದರೆ ಹೆಸರಿನೊಳಗೆ ನಿಜವಾದ ಪ್ಲಸ್ ಚಿಹ್ನೆಯೇ ಕೂತುಬಿಡುತ್ತದೆ. ‘ಡಿಕೋಡ್‌ಯುಆರ್‌ಐಕಾಂಪೊನೆಂಟ್’ + ಅನ್ನು ಖಾಲಿ ಜಾಗವಾಗಿ ಬದಲಿಸುವುದಿಲ್ಲ. + ಚಿಹ್ನೆಯೂ ಬರಬಹುದಾದ ಬೇಸ್64 ರೂಪದ ಟೋಕನ್ (ಗುರುತಿನ ಸಂಕೇತ) ಎನ್‌ಕೋಡ್ ಆಗದೆ ಹೋದರೆ ಅದರ + ಸರ್ವರ್‌ನಲ್ಲಿ ಖಾಲಿ ಜಾಗವಾಗಿ ಪರಿಶೀಲನೆ ವಿಫಲವಾಗುತ್ತದೆ. ಎಲ್ಲ ಟೋಕನ್‌ನಲ್ಲೂ + ಇರುವುದಿಲ್ಲವಲ್ಲ, ಹಾಗಾಗಿ ದೋಷ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ.

ಡಿಕೋಡ್ ಮಾಡುವಾಗ ಕ್ರಮ ತಿರುಗಾಮುರುಗ: ಮೊದಲು & ಮತ್ತು = ಇದ್ದಲ್ಲಿ ಬಿಡಿಸಿ, ನಂತರ ಒಂದೇ ಒಂದು ಸಲ ಡಿಕೋಡ್. ಪಿಎಚ್‌ಪಿಯ ‘ಗೆಟ್’ ಅರೇಯಲ್ಲಿ ಸಿಗುವುದು ಆಗಲೇ ಡಿಕೋಡ್ ಆದ ಮೌಲ್ಯ. ಮತ್ತೊಮ್ಮೆ ಮಾಡಿದರೆ ಬಳಕೆದಾರರು ಬರೆದ ‘%26’ & ಆಗಿಬಿಡುತ್ತದೆ. ಭದ್ರತಾ ತಪಾಸಣೆಯ ನಂತರ ಎರಡನೇ ಡಿಕೋಡ್ ನಡೆದರಂತೂ ಮೇಲಿನ ಫೋಲ್ಡರ್‌ಗೆ ಒಯ್ಯುವ ‘../’ ಕೂಡ ನುಸುಳಬಹುದು.

ಪರದೆಯ ಮೇಲೆ %20 ಕಂಡರೆ ಎಲ್ಲೋ ಎರಡು ಸಲ ಎನ್‌ಕೋಡ್ ಆಗಿ %2520 ಹೋಗಿರುವ ಸಾಧ್ಯತೆ ಹೆಚ್ಚು. ಆದರೆ ಒಂದು ವಿಳಾಸದ ಪ್ಯಾರಾಮೀಟರ್‌ನಲ್ಲಿ ಇನ್ನೊಂದು ಪೂರ್ತಿ ವಿಳಾಸವಿದ್ದರೆ, ಉದಾಹರಣೆಗೆ ಲಾಗಿನ್ ನಂತರ ಮರಳಬೇಕಾದ ಪುಟ, ಒಳಗಿನ %20 ಹೊರಗೆ %2520 ಆಗಲೇಬೇಕು. ಅದನ್ನು ತಪ್ಪೆಂದು ತಿದ್ದಬೇಡಿ.

ಪರೀಕ್ಷೆಗೆ ‘ಕ್ಷ +&=%#/?’ ಎಂಬ ಒಂದೇ ಮೌಲ್ಯ ಕಳಿಸಿ, ಸರ್ವರ್‌ನಲ್ಲಿ ಸಿಕ್ಕಿದ್ದನ್ನು ಬೈಟ್ ಬೈಟ್ ಹೋಲಿಸಿ ನೋಡಿ.