ಮನಸ್ಸಿಗೆ ಗಾಯವಾದ ಹದಿಹರೆಯದವರ ಜೊತೆ ಕೆಲಸ: ಫೀಲ್ಡ್‌ವರ್ಕ್‌ಗೆ ಮುನ್ನ ಓದಿಕೊಳ್ಳಲು

ದಾವಣಗೆರೆಯ ಶಾಲೆ, ಹಾಸ್ಟೆಲ್‌ಗಳಿಗೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಫೀಲ್ಡ್‌ವರ್ಕ್‌ಗೆ ಹೋದವರಿಗೆಲ್ಲ ಕೇಳಿಸುವ ಮಾತು: 'ಈ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ.' ನನ್ನ ಪ್ರಕಾರ ಬುದ್ಧಿ ಹೇಳುವುದು ಕೊನೆಯ ಕೆಲಸ. ಮೊದಲು ಅವನ ಮೈಯೊಳಗಿನ ದಿಗಿಲು ಇಳಿಯಬೇಕು.

ಅಪಾಯ ಕಂಡ ಕೂಡಲೇ ಮಿದುಳಿನ ಅಮಿಗ್ಡಲ ಎಚ್ಚರಿಸುತ್ತದೆ. ಅಡ್ರಿನಲಿನ್ ಏರಿ ಎದೆ ಬಡಿದುಕೊಳ್ಳುತ್ತದೆ. ಮೈ ಹೊಡೆದಾಟಕ್ಕೋ ಓಟಕ್ಕೋ ಸಿದ್ಧವಾಗುತ್ತದೆ, ಇಲ್ಲವೇ ಮರಗಟ್ಟುತ್ತದೆ. ವರ್ಷಗಟ್ಟಲೆ ಹೊಡೆತ, ಬೈಗುಳದಲ್ಲಿ ಬೆಳೆದವರಿಗೆ ಸಣ್ಣ ಸದ್ದೂ ಸಾಕು. ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗ, ಪ್ರೀಫ್ರಂಟಲ್ ಕಾರ್ಟೆಕ್ಸ್, ಬಲಿಯುವುದೇ ಸುಮಾರು 25ರ ಹೊತ್ತಿಗೆ. ಅಂಥ ಗಳಿಗೆಯಲ್ಲಿ ಮಾಡಿದ ಪಾಠ ತಲೆಗೆ ಹೋಗುವುದಿಲ್ಲ.

ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮೇಷ್ಟ್ರು ಮೇಜು ಕುಟ್ಟುತ್ತಾರೆ. ಅವನ ಭುಜ ಸೆಟೆಯುತ್ತದೆ, ಕಣ್ಣು ಬಾಗಿಲ ಕಡೆ ಓಡುತ್ತದೆ, ತುಟಿಯಲ್ಲಿ ಸಣ್ಣ ನಗು. ಆ ನಗುವಿಗೇ ಅವನಿಗೆ ಜಾಸ್ತಿ ಪೆಟ್ಟು ಬೀಳುವುದು. 'ಬೈದರೆ ನಗ್ತಾನೆ ನೋಡಿ' ಅಂತಾರೆ. ಹೆದರಿದಾಗಲೂ ನಗು ಬರುತ್ತದೆ, ಅಲ್ವಾ? ಗಲಾಟೆ ಮಾಡುವವನು ಹೇಗೂ ಕಣ್ಣಿಗೆ ಬೀಳುತ್ತಾನೆ. ಎಲ್ಲದಕ್ಕೂ ತಲೆಯಾಡಿಸಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂರುವ ಹುಡುಗಿಯನ್ನು ಮಾತ್ರ 'ಒಳ್ಳೆ ಮಗು' ಅಂತ ಬಿಟ್ಟುಬಿಡುತ್ತೇವೆ.

ಮಾತಾಡುವಾಗ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂರಿ. ಬಾಗಿಲಿಗೆ ಅಡ್ಡ ಕೂರಬೇಡಿ. ಕೇಳದೆ ಭುಜ ಮುಟ್ಟಬೇಡಿ. 'ಇಲ್ಲಿ ಕೂರೋಣ್ವಾ, ಹೊರಗೆ ಕಟ್ಟೆ ಮೇಲಾ?' ಅಂತ ಕೇಳಿ. ಚಿಕ್ಕ ಆಯ್ಕೆಯೇ, ಆದರೆ ಯಾವುದೂ ತನ್ನ ಕೈಲಿಲ್ಲದವರಿಗೆ ಅದು ದೊಡ್ಡದು. 'ಯಾಕೆ ಹಾಗೆ ಮಾಡಿದೆ?' ಅನ್ನುವುದು ವಿಚಾರಣೆಯ ಹಾಗೆ ಕೇಳಿಸುತ್ತದೆ. 'ಅದಕ್ಕೆ ಮುಂಚೆ ಏನಾಯ್ತು?' ಅಂದರೆ ಮಾತು ಬರಬಹುದು. ಗುರುವಾರ ಬರ್ತೀನಿ ಅಂದರೆ ಗುರುವಾರ ಹೋಗಲೇಬೇಕು. ಸೆಮಿಸ್ಟರ್ ಮುಗಿದ ಮೇಲೆ ಬರುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿ. ನಾವು ವಿದ್ಯಾರ್ಥಿಗಳು ಹೇಳದೆ ಮಾಯವಾಗುವುದು ಅವರ ಲೆಕ್ಕದಲ್ಲಿ ಇನ್ನೊಬ್ಬರು ಕೈಬಿಟ್ಟ ಹಾಗೆ.

ಪರೀಕ್ಷೆಗೆ 1998ರ ಏಸ್ (ಬಾಲ್ಯದ ಕಹಿ ಅನುಭವಗಳ) ಅಧ್ಯಯನ ಬರುತ್ತದೆ. ಅಮೆರಿಕದ ಫೆಲಿಟ್ಟಿ, ಆಂಡಾ ತಂಡದ್ದು. ಬಾಲ್ಯದ ಕಹಿ ಅನುಭವದ ಬಗೆಗಳು ಹೆಚ್ಚಿದಷ್ಟೂ ದೊಡ್ಡವರಾದಾಗ ಖಿನ್ನತೆ, ಕುಡಿತ, ಹೃದ್ರೋಗದ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಅದು ಜನಸಮೂಹದ ಲೆಕ್ಕ. ಒಂದು ಮಗುವಿಗೆ ಎಷ್ಟು ಬಗೆಯ ಕಹಿ ಅನುಭವ ಆಗಿದೆ ಎಂದು ಅಂಕ ಕೂಡಿ ಭವಿಷ್ಯ ಹೇಳಲು ಹೊರಡಬೇಡಿ.

ಇನ್ನು ಕಷ್ಟದ ಜಾಗ: ಹುಡುಗಿಯೊಬ್ಬಳು 'ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ' ಅನ್ನುತ್ತಾಳೆ. ಮಾಡಬೇಡಿ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಹಾಗೆ ಹೇಳುತ್ತದೆ. ಸಾಯುವ ಮಾತು ಬಂದರೂ ಗುಟ್ಟು ಇಡುವಂತಿಲ್ಲ. ಅಂದೇ ನಿಮ್ಮ ಮೇಲ್ವಿಚಾರಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆದಿಟ್ಟುಕೊಳ್ಳಿ. ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ ಅಂತ ಕೆಲವರ ವಾದ. ಕೇಳಿಸಿಕೊಂಡ ಮೇಲೆ ಮಾತು ಮುರಿಯುವುದು ಅದಕ್ಕಿಂತ ಕೆಟ್ಟದ್ದು. ಅವಳು ಹೇಳಿದ್ದನ್ನು ಅವಳದೇ ಮಾತಲ್ಲಿ ಅಂದೇ ಬರೆದಿಡಿ. ಕೆದಕಿ ಕೇಳಬೇಡಿ, ಮುಂದೆ ಪೊಲೀಸರ ಮುಂದೆಯೂ ಹೇಳಬೇಕಾಗುತ್ತದೆ. ಯಾರಿಗೆ ತಿಳಿಸುತ್ತೀರಿ, ಯಾವಾಗ, ಆಗ ನೀವು ಜೊತೆಗಿರುತ್ತೀರಾ ಇಲ್ಲವಾ ಎಂಬುದು ಅವಳಿಗೆ ಮೊದಲು ಗೊತ್ತಾಗಬೇಕು.